ಗೊಂಬೆ ಪೆಟ್ಟಿಗೆಯೊಳಗಿನ ಬೂಷ್ಟು

ನವರಾತ್ರಿಗೆ ಒಂದು ವಾರ ಮೊದಲು ಬೇಸ್‌ಮೆಂಟಿನಿಂದ ಗೊಂಬೆಗಳ ಪೆಟ್ಟಿಗೆಗಳನ್ನು ಮೇಲೆ ತರುವುದು ನಮ್ಮ ಮನೆಯ ಪದ್ಧತಿ. ಒಂದು ವರ್ಷ ಮೊದಲನೆಯ ರಟ್ಟಿನ ಪೆಟ್ಟಿಗೆಯ ಟೇಪು ಕಿತ್ತ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಮದುವೆಯಲ್ಲಿ ತವರಿನವರು ಕೊಟ್ಟಿದ್ದ ಪಟ್ಟದ ಗೊಂಬೆಗಳು ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ ಮಲಗಿಸಿದ್ದ ಹಾಗೆಯೇ ಇದ್ದವು. ಬಟ್ಟೆ ಬಿಚ್ಚಿದರೆ ರಾಜನ ಪೇಟದ ಮೇಲೆ, ರಾಣಿಯ ಸೆರಗಿನ ನೆರಿಗೆಗಳಲ್ಲಿ ಬೂದಿ ಎರಚಿದಂತೆ ಹಸಿರು ಮಿಶ್ರಿತ ಬಿಳಿಯ ಬೂಷ್ಟು. ಪೆಟ್ಟಿಗೆಯ ತಳದ ರಟ್ಟು ಕೈಗೆ ಮೆತ್ತಗೆ ಬಂತು. ಮೇಲಿನಿಂದ ಒಂದು ಹನಿ ನೀರೂ ಸೋರಿರಲಿಲ್ಲ. ನೆಲ ಒಣಗಿದಂತೆಯೇ ಕಾಣುತ್ತಿತ್ತು.

ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿರುವ ನಮ್ಮ ಮನೆಯ ಈ ಕಥೆಯನ್ನು ಡೆಟ್ರಾಯಿಟ್ ಕಡೆಯ ನೋವೈ, ಕ್ಯಾಂಟನ್, ಟ್ರಾಯ್ ಊರುಗಳಲ್ಲಿರುವ ಗೆಳತಿಯರಿಗೆ ಫೋನಿನಲ್ಲಿ ಹೇಳಿದಾಗ ಆಶ್ಚರ್ಯಪಟ್ಟವರು ಕಡಿಮೆ. ಒಬ್ಬಳ ಮನೆಯಲ್ಲಿ ಊರಿನಿಂದ ಹೊತ್ತು ತಂದ ಕನ್ನಡ ಪುಸ್ತಕಗಳ ಬೆನ್ನು ಕಪ್ಪಾಗಿತ್ತು, ಇನ್ನೊಬ್ಬಳ ಮನೆಯಲ್ಲಿ ಅಕ್ಕಿ ಚೀಲದ ಅಡಿಭಾಗ ಹೋಗಿತ್ತು. ವಿದ್ಯಾರಣ್ಯ ಕನ್ನಡ ಕೂಟದ ಶಿಕಾಗೋದಲ್ಲೂ ಪಂಪ ಕನ್ನಡ ಕೂಟದ ಡೆಟ್ರಾಯಿಟ್‌ನಲ್ಲೂ ನಮ್ಮವರ ಮನೆಗಳೆಂದರೆ ಬಹುಪಾಲು ಬೇಸ್‌ಮೆಂಟ್ ಇರುವ ಮನೆಗಳು. ಊರಿನ ನೆನಪಿನ ಸಾಮಾನೆಲ್ಲ ಸೇರುವುದು ಆ ನೆಲದಡಿಯ ಕೋಣೆಗೇ.

ಅದೇ ವರ್ಷ ಜೂನ್‌ನಲ್ಲಿ ತೀರ್ಥಹಳ್ಳಿ ಕಡೆಯಿಂದ ಅಮ್ಮ ಬಂದಿದ್ದರು. ಬಂದ ಎರಡನೇ ದಿನ ಬೇಸ್‌ಮೆಂಟಿನ ಮೆಟ್ಟಿಲು ಇಳಿಯುತ್ತಲೇ ನಿಂತರು. “ಇದು ನಮ್ಮ ಅಟ್ಟದ ವಾಸನೇನೇ ಕಣೆ. ಆಷಾಢದಲ್ಲಿ ಹಿಂಗೇ ಬರ್ತದೆ. ಕಿಟಕಿ ತೆಗೆದಿಡು, ಗಾಳಿ ಆಡ್ಲಿ.” ನನಗೂ ಅದು ಸರಿಯೆನಿಸಿತು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಬೂಷ್ಟು ಹೊಸದಲ್ಲ. ಕಂಬಳಿ, ಚಪ್ಪಲಿ, ಬೆಲ್ಟು, ಮರದ ಬಾಗಿಲು ಎಲ್ಲಕ್ಕೂ ಬರುತ್ತದೆ. ಅದಕ್ಕೆ ಮದ್ದು ಗಾಳಿ, ಬಿಸಿಲು, ಒಲೆಯ ಕಾವು. ಜುಲೈ ಪೂರ್ತಿ ಬೆಳಿಗ್ಗೆ ಎದ್ದ ಕೂಡಲೇ ಬೇಸ್‌ಮೆಂಟಿನ ಎರಡೂ ಕಿಟಕಿ ತೆರೆದೆವು, ರಾತ್ರಿ ಮುಚ್ಚಿದೆವು. ಗೊಂಬೆಗಳಿಗೆ ಬೂಷ್ಟು ಹಿಡಿಸಿದ್ದು ಆ ಕಿಟಕಿಗಳು.

ಇದಕ್ಕೆ ಕಾರಣ ತಿಳಿಯಲು ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ಚೊಂಬನ್ನು ನೋಡಿದರೆ ಸಾಕು. ಚೊಂಬಿನ ಹೊರಮೈ ಬೆವರುವುದು ಒಳಗಿನ ನೀರು ಸೋರುವುದರಿಂದ ಅಲ್ಲ, ಸುತ್ತಲಿನ ಗಾಳಿ ತಣ್ಣಗಿನ ಲೋಹಕ್ಕೆ ತಾಗಿ ತನ್ನ ತೇವವನ್ನು ಅಲ್ಲೇ ಬಿಟ್ಟು ಹೋಗುವುದರಿಂದ. ಬೇಸ್‌ಮೆಂಟ್ ಎಂದರೆ ಮಣ್ಣಿನಲ್ಲಿ ಹೂತಿಟ್ಟ ದೊಡ್ಡ ಚೊಂಬು. ಚಳಿಗಾಲದ ತಂಪನ್ನು ಮಣ್ಣು ಬೇಸಿಗೆಯವರೆಗೂ ಹಿಡಿದುಕೊಂಡಿರುತ್ತದೆ. ಜುಲೈನಲ್ಲಿ ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದರೂ ಕಾಂಕ್ರೀಟ್ ಗೋಡೆಯ ತಳಭಾಗ 16 ಡಿಗ್ರಿಯ ಆಸುಪಾಸಿನಲ್ಲಿರಬಹುದು. ಹೊರಗಿನ ಗಾಳಿಯೋ, ಮೆಕ್ಸಿಕೋ ಕೊಲ್ಲಿಯಿಂದ ಉತ್ತರಕ್ಕೆ ಹರಿದುಬಂದ ತೇವ, ಅದರ ಮೇಲೆ ಇಲಿನಾಯ್‌ನ ಮೆಕ್ಕೆಜೋಳದ ಹೊಲಗಳು ಉಸಿರಾಡಿ ಬಿಟ್ಟ ಆವಿ. ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆ, 22 ಡಿಗ್ರಿ ಮುಟ್ಟಿದ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 19 ಗ್ರಾಂ ನೀರಿರುತ್ತದೆ. ಅದೇ ಗಾಳಿ 16 ಡಿಗ್ರಿಗೆ ತಣಿದರೆ 13–14 ಗ್ರಾಂಗಿಂತ ಹೆಚ್ಚು ಹೊರಲಾರದು. ಮಿಕ್ಕ ಐದಾರು ಗ್ರಾಂ ಗೋಡೆಗೆ, ನೆಲಕ್ಕೆ, ನೆಲದ ಮೇಲೆ ಕೂತ ರಟ್ಟಿಗೆ. ಸಾವಿರ ಚದರಡಿಯ, ಎಂಟಡಿ ಎತ್ತರದ ಬೇಸ್‌ಮೆಂಟಿನಲ್ಲಿ ಸುಮಾರು 226 ಘನ ಮೀಟರ್ ಗಾಳಿ ಹಿಡಿಯುತ್ತದೆ. ಅದು ಪೂರ್ತಿ ತಣಿದರೆ, ಒಂದು ಸಲ ಗಾಳಿ ಬದಲಾದಾಗ ಒಂದು ಲೀಟರಿಗೂ ಹೆಚ್ಚು ನೀರನ್ನು ಬಿಡುತ್ತದೆ. ಕಿಟಕಿ ತೆರೆದಿಟ್ಟರೆ ಗಾಳಿ ದಿನಕ್ಕೆ ಹತ್ತಾರು ಸಲ ಬದಲಾಗುತ್ತದೆ.

ಹನಿಗಟ್ಟಿ ಇಳಿಯಲೇಬೇಕೆಂದೂ ಇಲ್ಲ. ಒಂದು ಮೇಲ್ಮೈಯನ್ನು ತಾಗಿಕೊಂಡಿರುವ ಗಾಳಿಯ ಆರ್ದ್ರತೆ ದಿನಗಟ್ಟಲೆ ಶೇ 80ರ ಮೇಲಿದ್ದರೆ ಬೂಷ್ಟಿಗೆ ಅಷ್ಟೇ ಸಾಕು. ನೆಲ ಒಣಗಿದಂತೆ ಕಂಡರೂ ಪೆಟ್ಟಿಗೆ ಮೆತ್ತಗಾಗಿದ್ದರ ಗುಟ್ಟು ಇದು. ನಮ್ಮವರಿಗೆ ಬೂಷ್ಟು ಕಣ್ಣಿಗೆ ಬೀಳುವುದು ನವರಾತ್ರಿಯಲ್ಲಿ, ಏಕೆಂದರೆ ಆಗ ಪೆಟ್ಟಿಗೆ ತೆರೆಯುತ್ತೇವೆ. ಅದು ಬೆಳೆದದ್ದು ಜುಲೈ, ಆಗಸ್ಟ್‌ನಲ್ಲಿ.

ಅಮ್ಮನ ತಿಳಿವಳಿಕೆ ತಪ್ಪಾಗಿರಲಿಲ್ಲ. ಅದು ಬೇರೆ ಮನೆಗೆ ಸೇರಿದ ತಿಳಿವಳಿಕೆ. ನಮ್ಮ ಊರಿನ ಮನೆಯ ಮಣ್ಣಿನ ಗೋಡೆಗೆ ಪ್ರತಿವರ್ಷ ಸುಣ್ಣ ಬೀಳುತ್ತಿತ್ತು. ಸುಣ್ಣದ ಕ್ಷಾರದಲ್ಲಿ ಬೂಷ್ಟು ಬೇರೂರುವುದು ಕಷ್ಟ. ಮಂಗಳೂರು ಹೆಂಚಿನ ಸಂದುಗಳಿಂದ ಗಾಳಿ ಹಗಲೂ ರಾತ್ರಿ ಆಡುತ್ತಿತ್ತು. ಅಡುಗೆಮನೆಯ ಮೇಲಿನ ಅಟ್ಟಕ್ಕೆ ಒಲೆಯ ಹೊಗೆ, ಕಾವು ಎರಡೂ ಏರುತ್ತಿದ್ದವು. ಒದ್ದೆ ಬಟ್ಟೆ ಬಚ್ಚಲೊಲೆಯ ಮೇಲೆ ಒಣಗುತ್ತಿತ್ತು. ಗೋಡೆ ನೆನೆಯುತ್ತಿತ್ತು, ಮತ್ತೆ ಒಣಗುತ್ತಿತ್ತು. ಹೊರಗೂ ಒಳಗೂ ಹೆಚ್ಚುಕಡಿಮೆ ಒಂದೇ ಉಷ್ಣತೆ ಇದ್ದುದರಿಂದ ಗಾಳಿ ಬಂದಷ್ಟೂ ಒಳ್ಳೆಯದೇ ಆಗುತ್ತಿತ್ತು.

ಅಮೆರಿಕದ ಮನೆ ಬೇರೆ ಜಾತಿಯದು. ಮರದ ಚೌಕಟ್ಟು, ನಡುವೆ ನಾರಿನ ಹತ್ತಿಯಂಥ ಇನ್ಸುಲೇಷನ್, ಒಳಮುಖಕ್ಕೆ ಡ್ರೈವಾಲ್ ಹಲಗೆ. ಡ್ರೈವಾಲ್ ಎಂದರೆ ಎರಡು ಕಾಗದದ ಹಾಳೆಗಳ ನಡುವೆ ಒತ್ತಿದ ಜಿಪ್ಸಮ್. ಈ ಹಲಗೆಯ ಚರಿತ್ರೆಯಲ್ಲಿ ಶಿಕಾಗೋದ ಪಾಲು ದೊಡ್ಡದು. 1902ರಲ್ಲಿ ಇಲ್ಲಿ ಸ್ಥಾಪನೆಯಾದ ಯುನೈಟೆಡ್ ಸ್ಟೇಟ್ಸ್ ಜಿಪ್ಸಮ್ ಕಂಪನಿ ಅದನ್ನು 1917ರಲ್ಲಿ ‘ಶೀಟ್‌ರಾಕ್’ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ‘ಸೆಂಚುರಿ ಆಫ್ ಪ್ರೋಗ್ರೆಸ್’ ಹೆಸರಿನಲ್ಲಿ 1933–34ರಲ್ಲಿ ಶಿಕಾಗೋದಲ್ಲಿ ನಡೆದ ಜಾಗತಿಕ ಮೇಳದ ಕಟ್ಟಡಗಳಲ್ಲಿ ಇದನ್ನು ಬಳಸಿದ ಮೇಲೆ ಜನಪ್ರಿಯತೆ ಏರಿತು. ಎರಡನೇ ಮಹಾಯುದ್ಧದ ನಂತರ ಗಾರೆಯ ಗೋಡೆ ಹಿಂದೆ ಸರಿದು ದೇಶವೆಲ್ಲ ಡ್ರೈವಾಲ್ ಆಯಿತು. ಬೆಂಕಿಗೆ ಬೇಗ ಬಗ್ಗದು, ಬೆಲೆ ಕಡಿಮೆ, ಕೆಲಸ ಬೇಗ. ಆದರೆ ಅದರ ಮೈಮೇಲಿನ ಕಾಗದ ಬೂಷ್ಟಿಗೆ ಬಡಿಸಿಟ್ಟ ಎಲೆ. ಒದ್ದೆಯಾಗಿ 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೆಳೆ ಶುರು. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸಲೆಂದು ಮನೆಗಳ ಸಂದುಗೊಂದುಗಳನ್ನೆಲ್ಲ ಮುಚ್ಚುತ್ತ ಬಂದದ್ದರಿಂದ, ಒಳಗೆ ಹೊಕ್ಕ ತೇವಕ್ಕೆ ಹೊರದಾರಿಯೂ ಕಡಿಮೆಯಾಯಿತು.

ಮಳೆನೀರಿನ ದಾರಿ ಇನ್ನೊಂದು. ಶಿಕಾಗೋ ಚಪ್ಪಟೆ ಜೌಗು ನೆಲದ ಮೇಲೆ ನಿಂತ ನಗರ. ಒಳಚರಂಡಿಗೆ ಇಳಿಜಾರು ಸಿಗದೆ 1850ರ ದಶಕದಲ್ಲಿ ಬೀದಿಗಳನ್ನೇ ಎತ್ತರಿಸಬೇಕಾಯಿತು. ಅಲ್ಲಿಯ ಹಳೆಯ ಭಾಗಗಳಲ್ಲಿ, ಡೆಟ್ರಾಯಿಟ್‌ನಲ್ಲೂ, ಮಳೆನೀರು ಮತ್ತು ಕೊಳಚೆ ಇಂದಿಗೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಕೊಳವೆ ತುಂಬಿದರೆ ನೀರು ಹಿಂದಕ್ಕೆ ನುಗ್ಗಿ ಬೇಸ್‌ಮೆಂಟಿನ ನೆಲದ ಜಾಲರಿಯಿಂದ ಮೇಲೇಳುತ್ತದೆ. ಇದನ್ನು ತಡೆಯಲೆಂದು ಶಿಕಾಗೋ 1975ರಿಂದ ಕೊರೆಯತೊಡಗಿದ ಆಳ ಸುರಂಗಗಳು 109 ಮೈಲಿ ಉದ್ದವಾಗಿ 2006ರಲ್ಲಿ ಮುಗಿದವು. ಹಾಗಿದ್ದೂ 2023ರ ಜುಲೈ 2ರಂದು ನಗರದ ಪಶ್ಚಿಮ ಭಾಗ, ಸಿಸೆರೋ, ಬರ್ವಿನ್ ಕಡೆ ಕೆಲವೆಡೆ 8 ಅಂಗುಲಕ್ಕೂ ಹೆಚ್ಚು ಮಳೆ ಸುರಿದು ಸಾವಿರಾರು ಬೇಸ್‌ಮೆಂಟುಗಳು ತುಂಬಿದವು. ಡೆಟ್ರಾಯಿಟ್ ಇದನ್ನು 2014ರ ಆಗಸ್ಟ್ 11ರಂದು ಕಂಡಿತ್ತು; ವಿಮಾನ ನಿಲ್ದಾಣದಲ್ಲಿ ಒಂದೇ ದಿನ 4.57 ಅಂಗುಲ. 2021ರ ಜೂನ್ 25–26ರ ರಾತ್ರಿ ಮತ್ತೆ ಕಂಡಿತು. ಪಂಪಿಂಗ್ ಕೇಂದ್ರಗಳಲ್ಲಿ ವಿದ್ಯುತ್ ತೊಂದರೆಯೂ ಸೇರಿ ಡೆಟ್ರಾಯಿಟ್, ಡಿಯರ್‌ಬಾರ್ನ್, ಗ್ರೋಸ್ ಪಾಯಿಂಟ್‌ಗಳಲ್ಲಿ ಕೊಳಚೆ ನೀರು ಮನೆಯೊಳಗೆ ನಿಂತಿತು. ಆ ಬೇಸಿಗೆಯಲ್ಲಿ ಬೀದಿಯಂಚಿಗೆ ಗುಡ್ಡೆ ಹಾಕಿದ್ದ ಒದ್ದೆ ಸೋಫಾ, ಕಾರ್ಪೆಟ್, ಮಕ್ಕಳ ಪುಸ್ತಕಗಳನ್ನು ಕಂಡವರು ಅದನ್ನು ಮರೆಯುವುದಿಲ್ಲ.

ಇಂಥ ಮಹಾಮಳೆ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ನಮ್ಮದೇ ಛಾವಣಿಯ ನೀರು. ಸಾವಿರ ಚದರಡಿ ಛಾವಣಿಯ ಮೇಲೆ ಒಂದಂಗುಲ ಮಳೆ ಬಿದ್ದರೆ 600 ಗ್ಯಾಲನ್‌ಗೂ ಹೆಚ್ಚು, ಅಂದರೆ ಎರಡು ಸಾವಿರ ಲೀಟರ್ ಮೀರಿದ ನೀರು ಹರಿಯುತ್ತದೆ. ಛಾವಣಿಯಂಚಿನ ದೋಣಿ ಎಲೆಗಳಿಂದ ಕಟ್ಟಿಕೊಂಡಿದ್ದರೆ, ಇಳಿಗೊಳವೆ ಗೋಡೆಯ ಬುಡದಲ್ಲೇ ನೀರು ಬಿಡುತ್ತಿದ್ದರೆ, ಅಷ್ಟೂ ನೀರು ಬೇಸ್‌ಮೆಂಟಿನ ಹೊರಗೋಡೆಗೆ ಒತ್ತಿ ನಿಲ್ಲುತ್ತದೆ. ಕೊಳವೆಗೆ ಐದಾರು ಅಡಿ ಉದ್ದದ ತುಂಡು ಸೇರಿಸಿ ನೀರನ್ನು ದೂರ ಬಿಡುವುದು, ಗೋಡೆಯಿಂದ ಹತ್ತಡಿಯಲ್ಲಿ ಆರಂಗುಲ ಇಳಿಯುವಂತೆ ಮಣ್ಣು ಹಾಕಿಸುವುದು, ಬೇಸ್‌ಮೆಂಟಿನ ಗುಂಡಿಗೆ ಇಳಿದ ನೀರನ್ನು ಹೊರಹಾಕುವ ಸಂಪ್ ಪಂಪಿಗೆ ಬ್ಯಾಟರಿ ಜೋಡಿಸುವುದು, ಇವು ಮೂರೂ ಗೋಡೆ ಕಿತ್ತು ಕಟ್ಟಿಸುವ ಖರ್ಚಿನ ಮುಂದೆ ಏನೇನೂ ಅಲ್ಲ. ಪಂಪಿನ ಬ್ಯಾಟರಿ ಮುಖ್ಯ. ಗುಡುಗು ಮಳೆಯ ರಾತ್ರಿಯೇ ಕರೆಂಟು ಹೋಗುವುದು.

ಚಳಿಗಾಲದಲ್ಲಿ ಲೆಕ್ಕವೆಲ್ಲ ತಿರುಗುಮುರುಗು. ಹೊರಗಿನ ಗಾಳಿ ಒಣಕಲು. ಮೈನಸ್ 15 ಡಿಗ್ರಿಯ ಗಾಳಿಯಲ್ಲಿ ಘನ ಮೀಟರಿಗೆ ಒಂದೂವರೆ ಗ್ರಾಂ ನೀರೂ ಕಷ್ಟ. ಅದು ಒಳಬಂದು ಬೆಚ್ಚಗಾದರೆ ಆರ್ದ್ರತೆ ಶೇ 10ಕ್ಕಿಂತ ಕೆಳಗೆ. ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ನಾವು ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಹಾಕುತ್ತೇವೆ. ಅದರ ಜೊತೆಗೆ ನಮ್ಮ ಅಡುಗೆ. ಇಡ್ಲಿ ಪಾತ್ರೆಯ ಹಬೆ, ಕುದಿಯುವ ಸಾರು, ಕುಕ್ಕರಿನ ಸೀಟಿ. ಬಹಳ ಮನೆಗಳಲ್ಲಿ ಒಲೆಯ ಮೇಲಿನ ಮೈಕ್ರೋವೇವ್ ಫ್ಯಾನು ಹಬೆಯನ್ನು ಹೊರಗೆ ಕಳಿಸುವುದೇ ಇಲ್ಲ, ಜಿಡ್ಡು ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ನಿಮ್ಮ ಮನೆಯದು ಯಾವುದು ಎಂದು ಫ್ಯಾನು ಹಾಕಿ ಅದರ ಮೇಲ್ತುದಿಯ ಸೀಳುಗಳ ಬಳಿ ಕೈ ಹಿಡಿದು ನೋಡಿ. ಗಾಳಿ ಕೈಗೆ ಬಡಿದರೆ ಹಬೆ ಮನೆಯಲ್ಲೇ ಉಳಿಯುತ್ತಿದೆ. ಆ ತೇವವೆಲ್ಲ ಹುಡುಕಿಕೊಂಡು ಹೋಗುವುದು ಮನೆಯ ಅತಿ ತಣ್ಣನೆಯ ಜಾಗಕ್ಕೆ: ಕಿಟಕಿ ಗಾಜಿನ ಅಂಚು, ಹೊರಗೋಡೆಗೆ ಅಂಟಿದ ಮಂಚದ ಹಿಂಭಾಗ, ಬಟ್ಟೆ ತುಂಬಿದ ಕ್ಲಾಸೆಟ್ಟಿನ ಮೂಲೆ. ಬಾಡಿಗೆ ಅಪಾರ್ಟ್‌ಮೆಂಟುಗಳಲ್ಲಿ ಹೊಸದಾಗಿ ಬಂದ ಎಳೆಯ ಸಂಸಾರಗಳು ಬೂಷ್ಟು ಕಾಣುವುದು ಹೆಚ್ಚಾಗಿ ಇಲ್ಲೇ, ಜನವರಿಯಲ್ಲಿ.

ಹಾಗಾಗಿ ಹೊರಗೆ ಸೊನ್ನೆ ಫ್ಯಾರನ್‌ಹೀಟ್‌ಗೆ ಇಳಿದ ರಾತ್ರಿಗಳಲ್ಲಿ ಹ್ಯುಮಿಡಿಫೈಯರನ್ನು ಶೇ 25ರ ಸುತ್ತ ಇಳಿಸಬೇಕು. ಬೆಳಿಗ್ಗೆ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿದ್ದರೆ ಇನ್ನೂ ಕಡಿಮೆ ಮಾಡಿ ಎಂದರ್ಥ. ಸ್ನಾನದ ಕೋಣೆಯ ಫ್ಯಾನನ್ನು ಸ್ನಾನ ಮುಗಿದ ಮೇಲೂ ಇಪ್ಪತ್ತು ಮೂವತ್ತು ನಿಮಿಷ ಬಿಡಬೇಕು. ಆ ಫ್ಯಾನಿನ ಕೊಳವೆ ಮನೆಯ ಹೊರಗೆ ತೆರೆಯುತ್ತದೋ ಛಾವಣಿಯಡಿಯ ಅಟ್ಟದಲ್ಲೇ ನಿಂತಿದೆಯೋ ಎಂದು ಒಮ್ಮೆ ಹತ್ತಿ ನೋಡಿಸಿ. ಅಟ್ಟದಲ್ಲೇ ತೆರೆದಿದ್ದರೆ ಚಳಿಗಾಲವಿಡೀ ಆವಿ ಮರದ ಹಲಗೆಗಳ ಮೇಲೆ ಮಂಜಾಗಿ ಕಟ್ಟಿ, ಮಾರ್ಚ್‌ನಲ್ಲಿ ಕರಗಿ ತೊಟ್ಟಿಕ್ಕುತ್ತದೆ. ಮಂಚ, ಬೀರುಗಳನ್ನು ಹೊರಗೋಡೆಯಿಂದ ಒಂದು ಗೇಣು ಈಚೆ ಎಳೆದಿಡಿ.

ಬೂಷ್ಟು ಕಂಡೊಡನೆ ನಮ್ಮವರು ಓಡುವುದು ಬ್ಲೀಚ್ ಬಾಟಲಿಗೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮಾಮೂಲಿ ಬಳಕೆಗೆ ಬ್ಲೀಚನ್ನು ಶಿಫಾರಸು ಮಾಡುವುದಿಲ್ಲ. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ಆದ್ದರಿಂದ ಕೊಲ್ಲುವುದಕ್ಕಿಂತ ತೆಗೆದುಹಾಕುವುದು ಮುಖ್ಯ. ಬೂಷ್ಟು ಹಿಡಿದ ಜಾಗ ಹತ್ತು ಚದರಡಿಗಿಂತ ಕಡಿಮೆಯಿದ್ದರೆ ನಾವೇ ಮಾಡಬಹುದು ಎನ್ನುತ್ತದೆ ಆ ಸಂಸ್ಥೆ: ಎನ್-95 ಮಾಸ್ಕು, ಗವಸು, ಸೋಪಿನ ನೀರು, ಉಜ್ಜಿ ತೆಗೆದು ಪೂರ್ತಿ ಒಣಗಿಸುವುದು. ಗಟ್ಟಿ ಮೇಲ್ಮೈಗಳಿಗೆ ಇಷ್ಟು ಸಾಕು. ಡ್ರೈವಾಲ್, ಕಾರ್ಪೆಟ್, ಅದರಡಿಯ ಸ್ಪಂಜು ಒಳಗಿನವರೆಗೂ ಬೂಷ್ಟು ಹಿಡಿದಿದ್ದರೆ ಕತ್ತರಿಸಿ ಎಸೆಯದೆ ಗತಿಯಿಲ್ಲ. ಬ್ಲೀಚನ್ನು ಅಮೋನಿಯಾ ಇರುವ ಯಾವ ಕ್ಲೀನರಿನ ಜೊತೆಗೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಬೂಷ್ಟಿನ ಮೇಲೆಯೇ ಪೇಂಟು ಬಳಿದು ಮನೆ ಮಾರುವವರಿದ್ದಾರೆ. ಆ ಪೇಂಟು ಸುಲಿದು ಬೀಳುತ್ತದೆ.

ಕಪ್ಪು ಬೂಷ್ಟು ಎಂದರೆ ಸಾವು ಎಂಬ ಭಯವನ್ನೂ ಇಲ್ಲಿ ಹೇಳಬೇಕು. ಅದು ಹಬ್ಬಿದ್ದು ಡೆಟ್ರಾಯಿಟ್‌ನ ನೆರೆಯ ಎರಿ ಸರೋವರದ ದಂಡೆಯ ಕ್ಲೀವ್‌ಲ್ಯಾಂಡ್‌ನಿಂದ. ಅಲ್ಲಿ 1993–94ರಲ್ಲಿ ಹತ್ತು ಎಳೆಗೂಸುಗಳ ಶ್ವಾಸಕೋಶದಲ್ಲಿ ರಕ್ತಸ್ರಾವವಾದಾಗ ಒದ್ದೆ ಮನೆಗಳಲ್ಲಿ ಬೆಳೆಯುವ ಸ್ಟ್ಯಾಕಿಬಾಟ್ರಿಸ್ ಎಂಬ ಕಪ್ಪು ಶಿಲೀಂಧ್ರದ ಮೇಲೆ ಸಂಶಯ ಬಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಆ ಸಂಶಯದ ಹಿಂದಿನ ಅಧ್ಯಯನಗಳನ್ನು ಮತ್ತೆ ಪರಿಶೀಲಿಸಿ, ಸಂಬಂಧ ಸಾಬೀತಾಗಿಲ್ಲ ಎಂದು 2000ದಲ್ಲಿ ಪ್ರಕಟಿಸಿತು. ಆದರೆ ಭಯ ಉಳಿಯಿತು. ಗಟ್ಟಿಯಾಗಿ ತಿಳಿದಿರುವುದು 2004ರ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿಯಲ್ಲಿದೆ: ತೇವದ, ಬೂಷ್ಟಿನ ಮನೆಗಳಿಗೂ ಕೆಮ್ಮು, ಉಬ್ಬಸದ ಸದ್ದು, ಮೂಗು ಗಂಟಲಿನ ತೊಂದರೆ, ಆಸ್ತಮಾ ಇರುವವರಲ್ಲಿ ಅದು ಉಲ್ಬಣಿಸುವುದಕ್ಕೂ ಸಂಬಂಧವಿದೆ. ಇದೇ ಸಾಕಷ್ಟು ದೊಡ್ಡ ಕಾರಣ. ಕೀಮೋ ಪಡೆಯುತ್ತಿರುವವರು, ಅಂಗಕಸಿ ಮಾಡಿಸಿಕೊಂಡವರು ಬೂಷ್ಟು ತೆಗೆಯುವ ಕೆಲಸದ ಹತ್ತಿರವೂ ಸುಳಿಯಬಾರದು.

ಕಪ್ಪು ಬೂಷ್ಟಿನ ಭಯದ ಮೇಲೆ ನಡೆಯುವ ವ್ಯಾಪಾರದ ಬಗ್ಗೆ ಎಚ್ಚರ ಬೇಕು. ನಮ್ಮ ಮನೆಗೆ ಕರೆಸಿದ್ದ ಒಂದು ಕಂಪನಿಯವರು ಗಾಳಿಯ ಮಾದರಿ ತೆಗೆದು ನೂರಾರು ಡಾಲರ್ ಪಡೆದರು. ವರದಿಯ ಜೊತೆಯಲ್ಲೇ, ತಾವೇ ಶುಚಿಗೊಳಿಸಲು ಸಾವಿರಾರು ಡಾಲರಿನ ಅಂದಾಜು ಪಟ್ಟಿ ಕೊಟ್ಟರು. ತೇವ ಎಲ್ಲಿಂದ ಬಂತು ಎಂಬ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಮನೆಯ ಗಾಳಿಯಲ್ಲಿ ಬೂಷ್ಟಿನ ಬೀಜಕಣ ಎಷ್ಟಿರಬಹುದು ಎಂಬುದಕ್ಕೆ ಈ ದೇಶದಲ್ಲಿ ಕೇಂದ್ರ ಸರ್ಕಾರದ ಮಿತಿಯೇ ಇಲ್ಲ. ಕಣ್ಣಿಗೆ ಕಾಣುವ ಬೂಷ್ಟಿಗೆ ಸಾಮಾನ್ಯವಾಗಿ ಪರೀಕ್ಷೆ ಬೇಕಿಲ್ಲ. ಪರೀಕ್ಷೆ ಮಾಡುವವರೂ ತೆಗೆಯುವವರೂ ಒಬ್ಬರೇ ಆಗಿದ್ದರೆ ಸಹಿ ಹಾಕಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ಹೇಳಲಾರದವರಿಗೆ ಒಂದು ಡಾಲರನ್ನೂ ಕೊಡಬೇಡಿ.

ವಿಮೆಯ ಕಾಗದವನ್ನು ಮಳೆಗಾಲಕ್ಕೆ ಮೊದಲೇ ಓದಿ. ಮಾಮೂಲಿ ಮನೆ ವಿಮೆಯಲ್ಲಿ ನೆರೆ ಸೇರುವುದಿಲ್ಲ. ಚರಂಡಿ ಹಿಮ್ಮುಖವಾದ, ಸಂಪ್ ಉಕ್ಕಿದ ಹಾನಿಗೆ ಸಾಮಾನ್ಯವಾಗಿ ಪ್ರತ್ಯೇಕ ಸೇರ್ಪಡೆ ಬೇಕು. ಮಿಷಿಗನ್‌ನಲ್ಲಿ ಒಳಚರಂಡಿ ನೀರು ಮನೆಗೆ ನುಗ್ಗಿದರೆ, 2001ರ ಕಾನೂನಿನಂತೆ ಗೊತ್ತಾದ 45 ದಿನಗಳೊಳಗೆ ಸ್ಥಳೀಯ ಸಂಸ್ಥೆಗೆ ಬರಹದಲ್ಲಿ ತಿಳಿಸಬೇಕು. ಬಾಡಿಗೆದಾರರು ಮಾಲೀಕರಿಗೆ ಫೋನು ಮಾಡಿ ಸುಮ್ಮನಾಗದೆ ಫೋಟೋ, ತಾರೀಖು ಸಹಿತ ಪತ್ರ ಕೊಡಬೇಕು. ಶಿಕಾಗೋ ನಗರದ 1986ರ ಬಾಡಿಗೆ ಕಾಯ್ದೆ ಕೊಡುವ ಪರಿಹಾರಗಳು ಲಿಖಿತ ನೋಟಿಸಿನಿಂದಲೇ ಶುರುವಾಗುತ್ತವೆ. ಉಪನಗರಗಳಿಗೆ ಆ ಕಾಯ್ದೆ ಇಲ್ಲ, ಅಲ್ಲಿ ಪತ್ರ ಇನ್ನೂ ಮುಖ್ಯ.

ಗೊಂಬೆಗಳು ಉಳಿದವು. ಹೊರಗೆ ಡೆಕ್ಕಿನ ಮೇಲೆ, ನೆರಳಿನಲ್ಲಿ, ಮಾಸ್ಕು ಕಟ್ಟಿಕೊಂಡು ಮೆತ್ತನೆಯ ಕುಂಚದಿಂದ ಉದುರಿಸಿ, ಹಿಂಡಿದ ಬಟ್ಟೆಯಲ್ಲಿ ಒರೆಸಿ, ಮೂರು ದಿನ ಒಣಗಿಸಿದೆವು. ಬಿಸಿಲಿಗೆ ಇಟ್ಟಿದ್ದರೆ ಬಣ್ಣ ಒಡೆಯುತ್ತಿತ್ತು. ರೇಷ್ಮೆಯ ಉಡುಗೆ ಡ್ರೈಕ್ಲೀನಿಗೆ ಹೋಯಿತು. ಒದ್ದೆಯಾದ ಪುಸ್ತಕ ಒಮ್ಮೆಗೇ ಒಣಗಿಸಲಾಗದಷ್ಟಿದ್ದರೆ ಗ್ರಂಥಾಲಯಗಳು ಮಾಡುವ ಹಾಗೆ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ, ಬೂಷ್ಟು ಅಲ್ಲಿಗೆ ನಿಲ್ಲುತ್ತದೆ, ಬಿಡುವಾದಾಗ ಒಂದೊಂದಾಗಿ ಒಣಗಿಸಬಹುದು. ಈಗ ನಮ್ಮ ಗೊಂಬೆಗಳ ವಾಸ ಮೇಲಿನ ಮಹಡಿಯಲ್ಲಿ, ಒಳಗೋಡೆಯ ಕ್ಲಾಸೆಟ್ಟಿನಲ್ಲಿ. ಬೇಸ್‌ಮೆಂಟಿನಲ್ಲಿ ರಟ್ಟು ಇಲ್ಲ, ನೆಲದ ಮೇಲೆ ಏನೂ ಇಲ್ಲ, ಎಲ್ಲ ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯ ಕಿಟಕಿ ತೆರೆಯುವುದಿಲ್ಲ. ದಿನಕ್ಕೆ 50 ಪಿಂಟ್, ಅಂದರೆ ಸುಮಾರು 24 ಲೀಟರ್ ಹೀರಬಲ್ಲ ಡಿಹ್ಯುಮಿಡಿಫೈಯರ್ ಓಡುತ್ತದೆ, ಅದರ ಕೊಳವೆ ನೇರ ಸಂಪಿಗೆ. ಗೋಡೆಯಲ್ಲಿ ಹತ್ತು ಹದಿನೈದು ಡಾಲರಿನ ಆರ್ದ್ರತಾ ಮಾಪಕ ತೂಗುತ್ತಿದೆ. ಶೇ 50 ದಾಟಿದರೆ ಗಮನ ಕೊಡುತ್ತೇವೆ, 60 ದಾಟಲು ಬಿಡುವುದಿಲ್ಲ.

ಬರುವ ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ವಿಮಾನ ಹತ್ತುವ ತಂದೆತಾಯಿಯರಲ್ಲಿ ಒಂದು ಕೋರಿಕೆ. ಒಂದು ಮನೆಯಲ್ಲಿ ವರ್ಷಗಟ್ಟಲೆ ಇರುವವರ ಮೂಗು ಅಲ್ಲಿನ ವಾಸನೆಗೆ ಒಗ್ಗಿಹೋಗಿರುತ್ತದೆ, ಹೊರಗಿನಿಂದ ಬಂದ ನಿಮಗೆ ಅದು ತಟ್ಟನೆ ಗೊತ್ತಾಗುತ್ತದೆ. ಬೇಸ್‌ಮೆಂಟ್ ಇಳಿಯುವಾಗ ಅಟ್ಟದ ವಾಸನೆ ಬಂದರೆ ಸಂಕೋಚವಿಲ್ಲದೆ ಹೇಳಿ. ಮಕ್ಕಳೇ, ನೀವು ಅದನ್ನು ಕೇಳಿಸಿಕೊಂಡು ಅದೇ ದಿನ ಟಾರ್ಚು ಹಿಡಿದು ಕೆಳಗಿಳಿಯಿರಿ, ಕಿಟಕಿಯನ್ನು ಮಾತ್ರ ಮುಚ್ಚಿಯೇ ಇಡಿ.